ಟ್ರಂಪೆಟ್ ಊದಿ ಮೇಲ್ದುಟಿ ಬಾತಿದೆ, ಕಲೋತ್ಸವಕ್ಕೆ ಆರು ವಾರ ಉಂಟು

ಬದಿಯಡ್ಕ ಬ್ಯಾಂಡ್:
ಶಾಲೆಯ ಬ್ಯಾಂಡ್ ಮೇಳದಲ್ಲಿ ಒಂದನೇ ಟ್ರಂಪೆಟ್ ಊದುವ ಹುಡುಗ, ಪ್ಲಸ್ ವನ್. ಇಗರ್ಜಿ ಹಬ್ಬ, ರೋಸ್ (ಮದುವೆಯ ಹಿಂದಿನ ದಿನದ ಶಾಸ್ತ್ರ), ಮದುವೆ ಅಂತ ಸಾಲಾಗಿ ನಾಲ್ಕು ದಿನ, ದಿನಕ್ಕೆ ಮೂರು ಗಂಟೆ ಊದಿದ್ದಾನೆ. ಈಗ ಮೇಲ್ದುಟಿ ದಪ್ಪ ಆಗಿದೆ, ಬೆಳಿಗ್ಗೆ ಮರಗಟ್ಟಿದ ಹಾಗೆ ಇರ್ತದಂತೆ. ಮೆಲ್ಲ ಊದಿದರೆ ಬರೀ ಗಾಳಿ, ಜೋರು ಊದಿದರೆ ಮಾತ್ರ ಸ್ವರ. ಸ್ಟಾಫಿನ (ಸ್ವರ ಬರೆಯುವ ಐದು ಗೆರೆಗಳ) ಎರಡನೇ ಗೆರೆಯ ಜಿ ಕೂಡ ಒಡೆಯುತ್ತದೆ. ತುಟಿಯ ಒಳಗೆ ಹಲ್ಲಿನ ಅಚ್ಚು ಉಂಟು, ಗಾಯ ಇಲ್ಲ. ಮೌತ್‌ಪೀಸ್ 7ಸಿ ಅಳತೆಯದ್ದು. ಎಷ್ಟು ದಿನ ನಿಲ್ಲಿಸಬೇಕು, ಮತ್ತೆ ಹೇಗೆ ಶುರು ಮಾಡಬೇಕು? ದೊಡ್ಡ ಮೌತ್‌ಪೀಸ್ ಹಾಕಿದರೆ ಸುಲಭ ಆಗ್ತದಾ?

ಮಂಜೇಶ್ವರ ಹಿತ್ತಾಳೆ:
ಮಾಸ್ಟ್ರೇ, ಮೌತ್‌ಪೀಸ್ ಈಗ ಬದಲಿಸಲೇಬೇಡಿ. ಬಾತ ತುಟಿಗೆ ಹೊಸ ರಿಮ್ (ಮೌತ್‌ಪೀಸಿನ ಅಂಚು) ಕೊಟ್ಟರೆ ಯಾವುದು ತುಟಿಯ ದೋಷ, ಯಾವುದು ರಿಮ್ಮಿನ ದೋಷ ಅಂತ ಗೊತ್ತೇ ಆಗುವುದಿಲ್ಲ.

ಆಗಿರುವುದು ಇಷ್ಟು. ಬಾತ ತುಟಿಯ ಅಂಚು ಮೆಲ್ಲನೆಯ ಗಾಳಿಗೆ ಕಂಪಿಸುವುದಿಲ್ಲ, ಹಾಗಾಗಿ ಹುಡುಗ ಜೋರು ಊದುತ್ತಾನೆ. ಜೋರು ಗಾಳಿಯನ್ನು ತಡೆಯಲಿಕ್ಕೆ ದಣಿದ ಸ್ನಾಯುವಿಗೆ ಆಗುವುದಿಲ್ಲ, ಹಾಗಾಗಿ ಮೌತ್‌ಪೀಸನ್ನು ಒತ್ತುತ್ತಾನೆ. ಒತ್ತಿದ ಜಾಗಕ್ಕೆ ರಕ್ತ ಸರಿಯಾಗಿ ಹರಿಯದೆ ಇನ್ನಷ್ಟು ಬಾಯುತ್ತದೆ. "ಅಭ್ಯಾಸ ಮಾಡಿ ಸರಿ ಮಾಡ್ತೇನೆ" ಅಂತ ಊದಿದಷ್ಟೂ ಕೆಡುವುದು ಇದೇ ಕಾರಣಕ್ಕೆ.

ಮೊದಲ ಎರಡು ದಿನ ಟ್ರಂಪೆಟ್ ಪೆಟ್ಟಿಗೆಯಲ್ಲೇ ಇರಲಿ. ಬರೀ ಮೌತ್‌ಪೀಸ್ ಊದುವುದೂ ಬೇಡ. ಐಸನ್ನು ಬಟ್ಟೆಯಲ್ಲಿ ಸುತ್ತಿ ಒಂದು ಸಲಕ್ಕೆ 10 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ ಇಡಲಿ. ಐಸನ್ನೇ ನೇರ ಚರ್ಮಕ್ಕೆ ತಾಗಿಸಬಾರದು. ಉಪ್ಪಿನಕಾಯಿ, ಖಾರದ ಚಟ್ನಿ ದೂರ ಇರಲಿ. ಕರ್ಪೂರ, ಮೆಂಥಾಲ್ ಇರುವ ಮುಲಾಮು ಹಚ್ಚಬೇಡಿ, ಉರಿ ಜಾಸ್ತಿ ಆಗ್ತದೆ. ರಾತ್ರಿ ತೆಂಗಿನೆಣ್ಣೆ ಸಾಕು. ಮುಖ್ಯವಾಗಿ, ನೋವಿನ ಮಾತ್ರೆ ತಿಂದು ಊದುವ ಕೆಲಸ ಬೇಡವೇ ಬೇಡ. ಎಲ್ಲಿ ನಿಲ್ಲಿಸಬೇಕು ಅಂತ ಹೇಳುವುದೇ ಆ ನೋವು.

ಮೂರನೇ ದಿನ ಬೆಳಿಗ್ಗೆ ದಪ್ಪ ಇಳಿದಿದ್ದರೆ ಮಾತ್ರ ಶುರು. ಕುದುರೆ ತುಟಿ ಬಡಿಯುವ ಹಾಗೆ ಸಡಿಲವಾಗಿ ಒಂದು ನಿಮಿಷ ತುಟಿ ಬಡಿಸಲಿ. ಆಮೇಲೆ ಕೆಳಗಿನ ಸಿಯಿಂದ ಎರಡನೇ ಗೆರೆಯ ಜಿಯವರೆಗೆ ಮಾತ್ರ ಉದ್ದ ಸ್ವರ: ನಿಮಿಷಕ್ಕೆ 60ರ ಲಯದಲ್ಲಿ 8 ಎಣಿಕೆ ಊದುವುದು, 8 ಎಣಿಕೆ ಮೌತ್‌ಪೀಸನ್ನು ತುಟಿಯಿಂದ ತೆಗೆದು ಇಡುವುದು. ಒಂದು ಸಲಕ್ಕೆ 5 ನಿಮಿಷ, ದಿನಕ್ಕೆ ಮೂರು ಸಲ. ನಾಲಗೆ ಹೊಡೆಯದೆ, ಗಾಳಿಯಿಂದಲೇ ಸ್ವರ ಹುಟ್ಟಬೇಕು. ಇದೇ ದಿನದಿನದ ಪರೀಕ್ಷೆ. ಮೆಲ್ಲನೆಯ ಜಿ ತಡವಿಲ್ಲದೆ, ಸುಯ್ ಎನ್ನದೆ ಬಂದರೆ ಮರುದಿನ 5 ನಿಮಿಷ ಹೆಚ್ಚಿಸಿ. ಬಾರದಿದ್ದರೆ ಒಂದು ದಿನ ರಜೆ. ಒಂದು ವಾರ ಕಳೆದ ಮೇಲೆ ಸ್ಲರ್ (ನಾಲಗೆ ಹೊಡೆಯದೆ ಸ್ವರದಿಂದ ಸ್ವರಕ್ಕೆ ಹೋಗುವುದು), ಎರಡನೇ ವಾರದ ಕೊನೆಗೆ ಸ್ಟಾಫಿನೊಳಗಿನ ಸಿ. ಅದಕ್ಕಿಂತ ಮೇಲಿನದ್ದು ಮೂರನೇ ವಾರಕ್ಕೆ ಮೊದಲು ಮುಟ್ಟಬೇಡಿ.

ಕುಂಬಳೆ ಕಾರ್ನೆಟ್:
ಮೇಲಿನದ್ದಕ್ಕೆ ನನ್ನ ಒಪ್ಪಿಗೆ ಉಂಟು, ಆದರೆ ಒತ್ತುವ ಅಭ್ಯಾಸ ಹೋಗದಿದ್ದರೆ ಆರನೇ ವಾರಕ್ಕೆ ತುಟಿ ಪುನಃ ಬಾಯುತ್ತದೆ. ಹುಡುಗನ ಬಲಗೈ ಕಿರುಬೆರಳು ನೋಡಿ. ಲೀಡ್‌ಪೈಪಿನ (ಮೌತ್‌ಪೀಸ್ ಸಿಕ್ಕಿಸುವ ಕೊಳವೆಯ) ಮೇಲಿನ ಕೊಕ್ಕೆಯೊಳಗೆ ಅದು ಸಿಕ್ಕಿಕೊಂಡಿದ್ದರೆ ಮೇಲಿನ ಸ್ವರ ಬಂದಾಗಲೆಲ್ಲ ಟ್ರಂಪೆಟನ್ನು ತುಟಿಗೆ ಎಳೆಯುತ್ತಾನೆ, ಅವನಿಗೇ ಗೊತ್ತಿರುವುದಿಲ್ಲ. ಬೆರಳು ಕೊಕ್ಕೆಯ ಮೇಲೆ ಕೂರಲಿ. ಎಡಗೈ ಮುಷ್ಟಿಯೂ ಸಡಿಲ ಇರಲಿ.

ಇನ್ನೊಂದು, ವಾದ್ಯ ಸೋರುತ್ತದಾ ನೋಡಿ. ವಾಲ್ವ್ ಒತ್ತದೆ ಒಂದನೇ ವಾಲ್ವಿನ ಸ್ಲೈಡನ್ನು (ಜಾರುವ ಕೊಳವೆಯನ್ನು) ಹೊರಗೆ ಎಳೆದು ಎರಡು ಸೆಕೆಂಡ್ ಬಿಟ್ಟು ವಾಲ್ವ್ ಒತ್ತಿ. ಟಪ್ ಅಂದರೆ ಸೀಲ್ ಸರಿ ಉಂಟು. ಶಬ್ದವೇ ಬಾರದಿದ್ದರೆ ಗಾಳಿ ಸೋರುತ್ತಿದೆ. ಆ ವಾದ್ಯಕ್ಕೆ ಎಷ್ಟು ಊದಿದರೂ ಸಾಲದು. ನೀರು ಬಿಡುವ ಕೀಲಿಯ ಕಾರ್ಕನ್ನೂ ನೋಡಿ, ಹಳೆಯ ಬ್ಯಾಂಡ್ ಸೆಟ್‌ಗಳಲ್ಲಿ ಮೊದಲು ಹೋಗುವುದು ಅದು. ರಿಮ್ ಮೇಲೆ ಉಗುರು ಸುತ್ತಿಸಿ: ಉಗುರು ಎಲ್ಲಾದರೂ ತಡೆದರೆ, ಅಥವಾ ಬೆಳ್ಳಿ ಸವೆದು ಹಿತ್ತಾಳೆ ಕಂಡರೆ ಮೌತ್‌ಪೀಸ್ ಬದಲಿಸಿ. ಅಳತೆ ಮಾತ್ರ ಅದೇ 7ಸಿ ಇರಲಿ. ಬಾಕ್ ಕಂಪೆನಿಯ ಲೆಕ್ಕದಲ್ಲಿ ಅಂಕೆ ಸಣ್ಣದಾದಂತೆ ಮೌತ್‌ಪೀಸಿನ ಬಟ್ಟಲು ಅಗಲ ಆಗ್ತದೆ. ಅಗಲ ಬಟ್ಟಲಿನಲ್ಲಿ ಹೆಚ್ಚು ತುಟಿಯನ್ನು ಹಿಡಿದಿಟ್ಟುಕೊಳ್ಳಬೇಕು, ದಣಿದ ಹುಡುಗನಿಗೆ ಅದು ಸುಲಭ ಅಲ್ಲ.

ಬದಿಯಡ್ಕ ಬ್ಯಾಂಡ್:
ಕಿರುಬೆರಳು ಕೊಕ್ಕೆಯೊಳಗೇ ಉಂಟು. ಕಾರ್ಕ್ ಕೂಡ ಹರಿದಿದೆ, ಇವತ್ತೇ ಹಾಕಿಸ್ತೇನೆ. ತುಟಿ ಸರಿ ಆಗುವವರೆಗೆ ಮೇಳದ ಅಭ್ಯಾಸಕ್ಕೆ ಅವನನ್ನು ಏನು ಮಾಡಲಿ?

ಮಂಜೇಶ್ವರ ಹಿತ್ತಾಳೆ:
ಕೂರಿಸಿ ವಾಲ್ವ್ ಮಾತ್ರ ಒತ್ತಿಸಿ, ಬಾಯಲ್ಲಿ ಸ್ವರ ಹೇಳಲಿ. ಬೆರಳು ಮರೆಯುವುದಿಲ್ಲ. ಮೆಲೊಡಿಯನ್ನು ಒಬ್ಬನ ತಲೆಗೇ ಕಟ್ಟಬೇಡಿ: ಒಂದು ಚರಣ ಟ್ರಂಪೆಟ್, ಮುಂದಿನದ್ದು ಕ್ಲಾರಿನೆಟ್, ಆಗ ಚರಣ ಬಿಟ್ಟು ಚರಣ ತುಟಿಗೆ ರಕ್ತ ಹರಿಯಲಿಕ್ಕೆ ಬಿಡುವು ಸಿಗ್ತದೆ. ಸ್ಟಾಫಿನ ಮೇಲಿನ ಜಿ ದಾಟುವ ಜಾಗ ಇದ್ದರೆ ಒಂದು ಆಕ್ಟೇವ್ ಕೆಳಗೆ ಬರೆದುಕೊಡಿ. ಬಯಲಿನಲ್ಲಿ ತನ್ನ ಶಬ್ದ ತನಗೇ ಕೇಳದೆ ಮಕ್ಕಳು ಜೋರು ಊದುತ್ತಾರೆ. ಅಭ್ಯಾಸ ಗೋಡೆಗೆ ಮುಖ ಮಾಡಿ ಇರಲಿ.

ಉಪ್ಪಳ ಯುಫೋನಿಯಂ:
ಯಾವಾಗ ಡಾಕ್ಟರ ಹತ್ತಿರ ಹೋಗಬೇಕು ಅಂತ ಯಾರೂ ಹೇಳಲಿಲ್ಲ. ಮರಗಟ್ಟುವುದು ಒಂದು ವಾರ ಕಳೆದರೂ ಇದ್ದರೆ, ಅಥವಾ ತುಟಿಯಲ್ಲಿ ಬೆರಳಿಗೆ ತಗ್ಗು ಸಿಕ್ಕಿ, ಆ ಜಾಗದಿಂದಲೇ ಗಾಳಿ ಸೋರುತ್ತಿದ್ದರೆ ಕಾಯಬೇಡಿ. ತುಟಿಯ ಸುತ್ತಿನ ಸ್ನಾಯು ಹರಿಯುವುದು ಅಪರೂಪ, ಆದರೆ ಉಂಟು. 1982ರಲ್ಲಿ ಪ್ಲಾನಾಸ್ ಎಂಬ ಪ್ಲಾಸ್ಟಿಕ್ ಸರ್ಜನ್ ಟ್ರಂಪೆಟ್ ಊದುವವರಲ್ಲಿ ಇದನ್ನು ವಿವರಿಸಿ, ಹೆಸರಾದ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್‌ರ ಅಡ್ಡಹೆಸರಿನಿಂದ ಸ್ಯಾಚ್ಮೋ ಸಿಂಡ್ರೋಮ್ ಅಂತ ಕರೆದರು. ಇದು ಪ್ಲಾಸ್ಟಿಕ್ ಸರ್ಜನ್ ನೋಡಬೇಕಾದದ್ದು, ಮಂಗಳೂರಿನಲ್ಲಿ ಸಿಗ್ತಾರೆ. ನೋವೇ ಇಲ್ಲದೆ, ಮೌತ್‌ಪೀಸ್ ತಾಗಿದ ಕೂಡಲೇ ತುಟಿ ತಾನಾಗಿ ನಡುಗಿದರೆ ಅಥವಾ ಒಂದು ಬದಿಗೆ ಎಳೆದರೆ ಅದು ಬೇರೆ, ನರರೋಗ ತಜ್ಞರಿಗೆ ತೋರಿಸಿ. ರಿಮ್ ತಾಗಿದ ಜಾಗ ಮಾತ್ರ ಉಂಗುರದ ಹಾಗೆ ಕೆಂಪಾಗಿ ತುರಿಸಿದರೆ ನಿಕ್ಕಲ್ ಅಲರ್ಜಿ ಇರಬಹುದು, ಪ್ಲಾಸ್ಟಿಕ್ ಮೌತ್‌ಪೀಸ್ ಹಾಕಿ ನೋಡಿ.

ಸಣ್ಣ ನೀರುಗುಳ್ಳೆ ಎದ್ದರೆ ಆ ಮೌತ್‌ಪೀಸನ್ನು ಬೇರೆ ಮಕ್ಕಳು ಬಾಯಿಗೆ ಇಡಬಾರದು, ಅದು ಹರಡ್ತದೆ. ಗುಳ್ಳೆ ಒಣಗಿ ಸಿಪ್ಪೆ ಬೀಳುವವರೆಗೆ ಅವನೂ ಊದುವುದು ಬೇಡ. ಶಾಲೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಮೌತ್‌ಪೀಸ್ ಕೊಡಿ, ವಾರಕ್ಕೊಮ್ಮೆ ಸೋಪು ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ಬ್ರಷ್ ಹಾಕಿ ತೊಳೆಸಿ.