ಆರ್ಕಿಟೆಕ್ಟರಿಗೆ ಬರೆದುಕೊಡುವ 'ಬ್ರೀಫ್'ಗೆ ಕನ್ನಡದಲ್ಲಿ ಏನೆನ್ನಬಹುದು?

ಬಳಗದ ಎಲ್ಲರಿಗೂ ನಮಸ್ಕಾರ.

ಮೈಸೂರಿನಲ್ಲಿ ನನ್ನ ತಂಗಿಯ ಮನೆಯವರು 40×60 ಅಡಿಯ ನಿವೇಶನದಲ್ಲಿ ಮನೆ ಕಟ್ಟಿಸಲು ಹೊರಟಿದ್ದಾರೆ. ಆರ್ಕಿಟೆಕ್ಟರು ಒಂದು ಕರಡು ಎಳೆದು ತಿದ್ದಿದ ಮೇಲೆ, "ಇನ್ನು ಗೆರೆ ಎಳೆಯುವುದು ಆಮೇಲೆ, ನಿಮಗೆ ಎಂಥ ಮನೆ ಬೇಕೆಂದು ಮೊದಲು ಬರೆದುಕೊಡಿ" ಎಂದಿದ್ದಾರೆ. ಆ ಬರಹಕ್ಕೆ ಅವರ ಕಸುಬಿನಲ್ಲಿ 'ಬ್ರೀಫ್' ಎಂದು ಹೆಸರು. ಬರೆಯುತ್ತಿರುವವರು ತಂಗಿಯ ಅತ್ತೆಯವರು, ಕನ್ನಡದಲ್ಲಿ ಬರೆಯುತ್ತಿದ್ದಾರೆ. ಆರ್ಕಿಟೆಕ್ಟರಿಗೂ ಕನ್ನಡ ಚೆನ್ನಾಗಿ ಬರುತ್ತದೆ. ಈ ಕಾಗದಕ್ಕೆ ಒಪ್ಪುವ ಒಂದು ಕನ್ನಡ ಹೆಸರು ಬೇಕಾಗಿದೆ.

ಅದರಲ್ಲಿ ಏನಿರುತ್ತದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ, ಪದ ಹುಡುಕಲು ಅನುಕೂಲವಾದೀತು. ಮನೆಯಲ್ಲಿ ಎಷ್ಟು ಜನ, ಯಾರಿಗೆ ಮೆಟ್ಟಿಲು ಹತ್ತಲಾಗದು, ಯಾರು ಬೆಳಗಿನ ಜಾವ ಏಳುತ್ತಾರೆ, ಹಬ್ಬಕ್ಕೆ ಎಷ್ಟು ಎಲೆ ಬೀಳುತ್ತದೆ, ಮುಂದೆ ಮಾಳಿಗೆ ಎತ್ತುವ ಯೋಚನೆ ಇದೆಯೇ, ಕೈಯಲ್ಲಿರುವ ಹಣ ಎಷ್ಟು, ಸಾಲ ಎಷ್ಟು. ಇದರ ಜೊತೆಗೆ ನಿವೇಶನದ ಸಂಗತಿಗಳು: ಖಾತೆ, ಚಕ್ಕುಬಂದಿ, ರಸ್ತೆ ಯಾವ ದಿಕ್ಕಿಗೆ, ಮಳೆನೀರು ಯಾವ ಕಡೆ ಹರಿಯುತ್ತದೆ, ಪಕ್ಕದ ಮನೆಯ ಗೋಡೆ ಎಷ್ಟು ಎತ್ತರ.

'ಬೇಡಿಕೆ ಪಟ್ಟಿ' ಎಂದರೆ ಮುಷ್ಕರದ ನೆನಪಾಗುತ್ತದೆ. 'ಅಗತ್ಯಗಳ ಪಟ್ಟಿ' ಎಂದರೆ ದಿನಸಿ ಚೀಟಿಯಂತೆ ಸಾಲುಸಾಲಾಗಿ ಬರೆದು ಮುಗಿಸಬಹುದು ಎಂಬ ಭಾವ ಬರುತ್ತದೆ. 'ಟಿಪ್ಪಣಿ' ಕಚೇರಿ ಕಡತದ ಮಾತಾಯಿತು. ನನಗೆ ಹಿಡಿಸಿದ್ದು 'ಒಕ್ಕಣೆ'. ಕಾಗದದ ಒಕ್ಕಣೆ, ಲಗ್ನಪತ್ರಿಕೆಯ ಒಕ್ಕಣೆ ಎನ್ನುತ್ತೇವಲ್ಲ, ಹಾಗೆಯೇ 'ಮನೆಯ ಒಕ್ಕಣೆ'. ಹೇಳಬೇಕಾದುದನ್ನು ಕ್ರಮವಾಗಿ, ತೂಕವಾಗಿ ಬರೆದದ್ದು ಎಂಬ ಅರ್ಥ ಅದರಲ್ಲಿ ಆಗಲೇ ಇದೆ. ಕಣದ ಒಕ್ಕಣೆಯೊಂದಿಗೆ ಗೊಂದಲವಾಗದೇ ಎಂದು ಯಾರಾದರೂ ಕೇಳಬಹುದು. 'ಮನೆಯ' ಎಂದು ಸೇರಿಸಿದರೆ ಆಗದು ಎಂದು ನನ್ನ ಎಣಿಕೆ. ಇದಕ್ಕಿಂತ ಒಳ್ಳೆಯದು ಹೊಳೆದವರು ದಯವಿಟ್ಟು ತಿಳಿಸಿ.

ಕನ್ನಡದಲ್ಲೇ ಬರೆಯಲಿ ಎಂದು ನಾನು ಒತ್ತಾಯಿಸಲು ಕಾರಣವಿದೆ. ಅತ್ತೆಯವರು ತೀರ್ಥಹಳ್ಳಿ ಕಡೆಯವರು. ಮೊದಲ ಮಾತುಕತೆಯಲ್ಲಿ ಅವರು ಕೇಳಿದ್ದು ಜಗಲಿ. ಕರಡಿನಲ್ಲಿ ಬಂದದ್ದು 'ಸಿಟ್ ಔಟ್': ಬಾಗಿಲ ಮುಂದೆ ಎರಡು ಕುರ್ಚಿಗೆ ಸಾಲುವ ಜಾಗ, ಒಳಮನೆಯ ಮಟ್ಟದಲ್ಲೇ ನೆಲ, ಸುತ್ತ ಉಕ್ಕಿನ ಕಂಬಿ. ಜಗಲಿಗೆ ಕುರ್ಚಿ ಬೇಡ. ಅಂಗಳದಿಂದ ಅದು ಎದ್ದಿರಬೇಕು, ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರುವಂತಿರಬೇಕು, ಒಳಗೆ ಬಾರದೆ ಮಾತಾಡಿ ಹೋಗುವವರಿಗೆ ಅಲ್ಲೇ ಎಡೆ ಇರಬೇಕು. ಆ ಒಂದು ಮಾತಿನಲ್ಲಿ ಎತ್ತರವೂ ಇತ್ತು, ಅಂಚೂ ಇತ್ತು, ಬಂದುಹೋಗುವವರೂ ಇದ್ದರು. ಹಿತ್ತಿಲ ಕಡೆಯ ಬಾಗಿಲಿಗೂ ಇದೇ ಗತಿಯಾಯಿತು. ಸೌತೆಬಳ್ಳಿ, ಕರಿಬೇವು, ಪಾತ್ರೆ ತೊಳೆಯುವ ಕಲ್ಲು, ಹಪ್ಪಳ ಒಣಗಿಸುವ ಬಿಸಿಲು ಎಲ್ಲವೂ ಸೇರಿದ್ದು ನಾಲ್ಕು ಅಡಿ ಅಗಲದ 'ಯುಟಿಲಿಟಿ'ಯಾಗಿ ಕುಗ್ಗಿತು. ಆರ್ಕಿಟೆಕ್ಟರು ಒಳ್ಳೆಯವರು, ವಿವರಿಸಿದೊಡನೆ ತಿದ್ದಿದರು. ಬರಹದಲ್ಲೇ ಇದ್ದಿದ್ದರೆ ತಿದ್ದುವ ಕೆಲಸವೇ ಇರುತ್ತಿರಲಿಲ್ಲ.

ಇನ್ನೊಂದು ಪದ 'ಪ್ಲಾನ್'. ಇದಕ್ಕೆ ನಾವು 'ನಕ್ಷೆ' ಎಂದು ಹೇಳಿ ಸುಮ್ಮನಾಗುತ್ತೇವೆ. ಆದರೆ ಕಸುಬಿನವರು ಕನಿಷ್ಠ ಮೂರು ಬೇರೆ ಬೇರೆ ವಸ್ತುಗಳನ್ನು ಕೊಡುತ್ತಾರೆ. ಮನೆಯವರು ನೋಡಿ ಒಪ್ಪಬೇಕಾದ ಮೊದಲ ಕರಡು ಒಂದು. ಪಾಲಿಕೆಗೆ ಸಲ್ಲಿಸಿ ಮೊಹರು ಹಾಕಿಸಿಕೊಳ್ಳುವ ಮಂಜೂರಾತಿ ನಕ್ಷೆ ಇನ್ನೊಂದು. ಕೋಣೆಗಳ ಅಳತೆ, ಸುತ್ತ ಬಿಡಬೇಕಾದ ಜಾಗ, ಒಟ್ಟು ಕಟ್ಟಡದ ವಿಸ್ತೀರ್ಣ ನಿಯಮಕ್ಕೆ ಒಳಪಟ್ಟಿವೆ ಎಂದು ತೋರಿಸುವುದಷ್ಟೇ ಅದರ ಕೆಲಸ. ಬಾಗಿಲ ಚೌಕಟ್ಟಿನ ಎತ್ತರ, ಕಿಟಕಿಯ ಕೆಳಮಟ್ಟ, ಕೊಳವೆ ಹಾದುಹೋಗುವ ದಾರಿ, ಸ್ವಿಚ್ಚಿನ ಜಾಗ ಎಲ್ಲವನ್ನೂ ಮೇಸ್ತ್ರಿಗೆ ಹೇಳುವುದು ಮೂರನೆಯದು, 'ವರ್ಕಿಂಗ್ ಡ್ರಾಯಿಂಗ್'. ತೊಲೆಗೆ, ಕಂಬಕ್ಕೆ ಎಷ್ಟು ಕಬ್ಬಿಣ ಎಂಬುದನ್ನು ಸ್ಟ್ರಕ್ಚರಲ್ ಎಂಜಿನಿಯರ್ ಬೇರೆಯಾಗಿಯೇ ಬರೆದುಕೊಡುತ್ತಾರೆ. ಆರ್ಕಿಟೆಕ್ಟರನ್ನು ನೋಂದಾಯಿಸುವ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನ ಸೇವಾ ಷರತ್ತುಗಳಲ್ಲೂ ಇವು ಬೇರೆ ಬೇರೆ ಹಂತಗಳು. ಶುಲ್ಕವೂ ಹಂತಹಂತವಾಗಿ ಸಲ್ಲುತ್ತದೆ.

ನಮಗೆ ಪರಿಚಯದ ಒಬ್ಬರು 'ಪ್ಲಾನ್ ಮಾಡಿಸಿದ್ದೇವೆ' ಎಂದುಕೊಂಡು ಪಾಯ ತೋಡಿಸಿಯೇ ಬಿಟ್ಟರು. ಅವರ ಕೈಯಲ್ಲಿದ್ದದ್ದು ಮಂಜೂರಾತಿ ನಕ್ಷೆ ಮಾತ್ರ. ಮುಂದಿನದೆಲ್ಲ ಮೇಸ್ತ್ರಿಯ ಅಂದಾಜಿನ ಮೇಲೆ ನಡೆಯಿತು. ಆದ್ದರಿಂದ 'ಕರಡು ನಕ್ಷೆ', 'ಮಂಜೂರಾತಿ ನಕ್ಷೆ', 'ಕಾಮಗಾರಿ ನಕ್ಷೆ' ಎಂದು ಬೇರೆ ಬೇರೆಯಾಗಿ ಹೆಸರಿಟ್ಟು, ಶುಲ್ಕದ ಮಾತಾಡುವಾಗಲೇ ಯಾವುದೆಲ್ಲ ಸಿಗುತ್ತದೆ ಎಂದು ಕೇಳುವ ರೂಢಿ ಬೆಳೆಯಬೇಕು. ಮೊದಲೆರಡು ಈಗಾಗಲೇ ಬಳಕೆಯಲ್ಲಿವೆ. 'ಕಾಮಗಾರಿ ನಕ್ಷೆ' ಲೋಕೋಪಯೋಗಿ ಇಲಾಖೆಯ ಮಾತಿನಂತೆ ಕೇಳಿಸುತ್ತದೆ ಎಂದು ತಂಗಿಯ ತಕರಾರು. 'ಕೆಲಸದ ನಕ್ಷೆ' ಸಾಕೇ?

'ಚದರ'ದ ಬಗ್ಗೆಯೂ ಒಂದು ಮಾತು. ಶಾಲೆಯಲ್ಲಿ ಕಲಿತದ್ದು ಚದರ ಅಡಿ, ಚದರ ಮೀಟರ್. ಬೆಂಗಳೂರು, ಮೈಸೂರಿನ ಕಟ್ಟಡದ ಕೆಲಸದಲ್ಲಿ ಒಂದು ಚದರ ಎಂದರೆ 100 ಚದರ ಅಡಿ; ಹದಿನೈದು ಚದರದ ಮನೆ ಎಂದರೆ 1,500 ಚದರ ಅಡಿ. ಗುತ್ತಿಗೆದಾರರು ದರ ಹೇಳುವುದೂ ಹೀಗೆಯೇ. ಗೋಡೆಯ ದಪ್ಪ, ಮೆಟ್ಟಿಲು, ಕಾರು ನಿಲ್ಲಿಸುವ ಜಾಗ ಲೆಕ್ಕಕ್ಕೆ ಸೇರಿದೆಯೇ ಇಲ್ಲವೇ ಎಂಬುದು ಮಾತ್ರ ಆಡುವವರ ಬಾಯಲ್ಲಿ ಬದಲಾಗುತ್ತದೆ. ಇದಕ್ಕೆ ಹೋಲಿಸಿದರೆ ಹಳೆಯ 'ಅಂಕಣ' ಎಷ್ಟು ಅಚ್ಚುಕಟ್ಟು! ಎರಡು ಕಂಬಸಾಲುಗಳ ನಡುವಣ ಎಡೆ ಒಂದು ಅಂಕಣ. ಐದಂಕಣದ ಮನೆ ಎಂದರೆ ಮನೆಯ ಹರಹು ಕಣ್ಣಿಗೆ ಕಟ್ಟುತ್ತಿತ್ತು.

'ಆರ್ಕಿಟೆಕ್ಟ್' ಎಂಬುದನ್ನು ನಾನು ಹಾಗೆಯೇ ಉಳಿಸಿಕೊಂಡಿದ್ದೇನೆ. 'ವಾಸ್ತುಶಿಲ್ಪಿ' ನಿಘಂಟಿನಲ್ಲಿ ಸರಿ, ಆದರೆ ಜನ ಅದನ್ನು ಕೇಳಿ ದಿಕ್ಕು, ಆಯ ನೋಡುವ ವಾಸ್ತು ಪಂಡಿತರೆಂದು ತಿಳಿಯುತ್ತಾರೆ. 1972ರ ಕಾಯ್ದೆಯ ಪ್ರಕಾರ ನೋಂದಣಿಯಾದವರು ಮಾತ್ರ ಆರ್ಕಿಟೆಕ್ಟ್ ಎಂದು ಹೇಳಿಕೊಳ್ಳಬಹುದಾದ್ದರಿಂದ ಈ ಗೊಂದಲ ಸಣ್ಣದಲ್ಲ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ 8ನೆಯ ಶತಮಾನದ ಶಾಸನ ಅದನ್ನು ಕಟ್ಟಿದ ಗುಂಡ ಅನಿವಾರಿತಾಚಾರಿಯನ್ನು 'ಸೂತ್ರಧಾರಿ' ಎಂದು ಕರೆಯುತ್ತದೆ. ಅಳತೆಯ ದಾರ ಹಿಡಿದವನು! ಎಂಥ ಚೆಂದದ ಮಾತು. ಇಂದು ಅದನ್ನು ನಾಟಕಕ್ಕೂ ಅಪರಾಧ ಸುದ್ದಿಗೂ ಬಿಟ್ಟುಕೊಟ್ಟಿದ್ದೇವೆ, ಮರಳಿ ತರುವುದು ಕಷ್ಟ.

ಕೊನೆಯದಾಗಿ ಎರಡು ಕೋರಿಕೆ. 'ಒಕ್ಕಣೆ'ಯ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಜೊತೆಗೆ ಜಗಲಿ, ಚಾವಡಿ, ಪಡಸಾಲೆ, ಹಜಾರ, ನಡುಮನೆ ಇವುಗಳಲ್ಲಿ ನಿಮ್ಮ ಊರಿನ ಮನೆಯಲ್ಲಿ ಯಾವುದಿದೆ, ಅದು ಮುಂಬಾಗಿಲಿನ ಹೊರಗೋ ಒಳಗೋ, ಅಲ್ಲಿ ಯಾರು ಕೂರುತ್ತಾರೆ ಎಂದು ಒಂದೆರಡು ಸಾಲು ಬರೆಯಿರಿ. ಉತ್ತರ ಕರ್ನಾಟಕ ಮತ್ತು ಕರಾವಳಿಯವರು ತಪ್ಪದೆ ತಿಳಿಸಬೇಕು. ಆರ್ಕಿಟೆಕ್ಟರಿಗೆ ಕಾಗದ ಕೊಡುವ ಮೊದಲು ಅತ್ತೆಯವರು ಅವನ್ನೆಲ್ಲ ಓದಬೇಕೆಂದಿದ್ದಾರೆ.