"ಬಿಲ್ ಆಯ್ತು" ಅಂದರೆ ಏನಾಯ್ತು?

ಎಲ್ಲರಿಗೂ ನಮಸ್ಕಾರ. ನಾನು ಕೋಲಾರದವನು. ಹತ್ತು ವರ್ಷ ಒಬ್ಬ ಕಂಟ್ರಾಕ್ಟರ್ ಹತ್ತಿರ ವೈರಿಂಗ್ ಕೆಲಸ ಮಾಡಿ, ಹೋದ ವರ್ಷದಿಂದ ಸ್ವಂತಕ್ಕೆ ಗುತ್ತಿಗೆ ಹಿಡಿಯುತ್ತಿದ್ದೇನೆ. ನರಸಾಪುರ, ವೇಮಗಲ್ ಕಡೆಯ ಶೆಡ್ಡುಗಳ ಕೆಲಸ. ವಹಿವಾಟು 20 ಲಕ್ಷ ದಾಟಿಲ್ಲ, ಹಾಗಾಗಿ ಜಿಎಸ್‌ಟಿ ನೋಂದಣಿ ಇನ್ನೂ ಬೇಕಾಗಿಲ್ಲ. ನನ್ನನ್ನು ಕಾಡುತ್ತಿರುವುದು ಕೆಲವು ಮಾತುಗಳು.

ಒಂದು ಶುಕ್ರವಾರ ಕೆಲಸ ಕೊಟ್ಟವರ ಆಫೀಸಿಗೆ ಫೋನ್ ಮಾಡಿದೆ. "ನಿಮ್ಮ ಬಿಲ್ ಆಗಿದೆ" ಅಂದರು. ಹುಡುಗರಿಗೆ "ನಾಳೆ ಬಟವಾಡೆ" ಅಂದುಬಿಟ್ಟೆ. ಶನಿವಾರ ಸಂಜೆ ಆರೂ ಜನ ಟೂಲ್ ಬ್ಯಾಗು ಕಟ್ಟಿಕೊಂಡು ಗೇಟಿನ ಹತ್ತಿರ ನಿಂತಿದ್ದರು. ಒಬ್ಬನ ಕೈಯಲ್ಲಿ ರೇಷನ್ ಚೀಟಿ ಬೇರೆ. ನಾನು ಮತ್ತೆ ಮತ್ತೆ ಬ್ಯಾಲೆನ್ಸ್ ನೋಡುತ್ತಿದ್ದೆ. ದುಡ್ಡು ಬಂದಿರಲಿಲ್ಲ. ಇಂಜಿನಿಯರ್ ಸಹಿ ಆಗಿದೆ ಅಂತಷ್ಟೇ ಅವರು ಹೇಳಿದ್ದು! ದುಡ್ಡು ಬಂದದ್ದು 40 ದಿನ ಆದಮೇಲೆ. ಅವತ್ತು ಭಾವಮೈದನ ಹತ್ತಿರ ಕೈಸಾಲ ತಂದು ಬಟವಾಡೆ ಮಾಡಿದೆ.

ಮೇಸ್ತ್ರಿ "ಬಿಲ್ ಆಯ್ತು" ಅಂದರೆ ಅಳತೆ ಬರೆದು ಕೊಟ್ಟಾಯ್ತು. ಆಫೀಸಿನವರು ಅಂದರೆ ಪಾಸಾಯ್ತು. ಮನೆಯವಳ ಕಿವಿಗೆ ಅದು ದುಡ್ಡು ಬಂತು ಅಂತಲೇ. ನಮ್ಮಲ್ಲಿ ಅರ್ಧ ಜನ ತೆಲುಗಿನವರು, ಅವರ "ಬಿಲ್ಲು ಅಯಿಂದಿ"ಯಲ್ಲೂ ಇದೇ ತೊಡಕು. ಈಗ ನನ್ನ ಪುಸ್ತಕದಲ್ಲಿ ಕೊಟ್ಟದ್ದು, ಪಾಸಾದದ್ದು, ಬಂದದ್ದು ಅಂತ ಮೂರು ಗೆರೆ ಎಳೆದುಕೊಂಡಿದ್ದೇನೆ. ಮೂರನೆಯದು ತುಂಬುವ ತನಕ ಆ ಬಿಲ್ಲನ್ನು ನಂಬಿ ಬಟವಾಡೆ ಮಾತು ಎತ್ತುವುದಿಲ್ಲ. ನಿಮ್ಮ ಊರುಗಳಲ್ಲಿ ಈ ಮೂರಕ್ಕೂ ಬೇರೆ ಬೇರೆ ಮಾತು ಇದೆಯಾ?

ಇನ್ನೊಂದು, "ಕಟ್". ಒಂದು ಲಕ್ಷದ ಬಿಲ್ಲಿಗೆ 94,000 ಬಂತು. 1,000 ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆ), 5,000 ಸೆಕ್ಯೂರಿಟಿ (ಕೆಲಸದ ಭದ್ರತೆಗೆ ಇಟ್ಟುಕೊಳ್ಳುವ ಠೇವಣಿ), ಎರಡೂ ಕಟ್ ಅಂದರು. ನಾನು ಆರು ಸಾವಿರ ಹೋಯಿತು ಅಂತಲೇ ಬರೆದುಕೊಂಡಿದ್ದೆ. ಸೆಕ್ಯೂರಿಟಿ ಗಡುವು ಮುಗಿದ ಮೇಲೆ ವಾಪಸ್ ಬರುತ್ತದೆ. ಟಿಡಿಎಸ್ ನನ್ನ ಪ್ಯಾನ್ ಹೆಸರಿಗೆ ಜಮಾ ಆಗುತ್ತದೆ, ರಿಟರ್ನ್ಸ್ ಹಾಕುವಾಗ ತೆರಿಗೆಗೆ ವಜಾ, ಜಾಸ್ತಿ ಇದ್ದರೆ ವಾಪಸ್. ನಮ್ಮ ಕಡೆ "ಸಂಬಳ ಹಿಡ್ಕೊಂಡ್ರು" ಬೇರೆ, "ಸಂಬಳದಲ್ಲಿ ಮುರ್ಕೊಂಡ್ರು" ಬೇರೆ. ಹಿಡಿದದ್ದು ಬರುತ್ತದೆ, ಮುರಿದದ್ದು ಬರಲ್ಲ. ಇಷ್ಟು ಚೆನ್ನಾದ ಎರಡು ಮಾತು ಇಟ್ಟುಕೊಂಡು ಎಲ್ಲದಕ್ಕೂ ಕಟ್ ಅನ್ನುತ್ತೇವಲ್ಲ! ಟಿಡಿಎಸ್‌ಗೆ ಪತ್ರಿಕೆಗಳು ಬರೆಯುವ "ಮೂಲದಲ್ಲೇ ತೆರಿಗೆ ಕಡಿತ"ವನ್ನು ಯಾವುದಕ್ಕೆ ಸೇರಿಸುತ್ತೀರಿ? ನನಗಂತೂ ಅದು ಹಿಡಿದದ್ದೇ.

ಕೊನೆಯದು ಗುತ್ತಿಗೆ. ತಮಿಳಿನಲ್ಲಿ ಕುತ್ತಗೈ, ತೆಲುಗಿನಲ್ಲಿ ಗುತ್ತ, ಹಳೆಯ ನಂಟು. ಶ್ರೀನಿವಾಸಪುರದ ಕಡೆ ಮಾವಿನ ತೋಪು ಗುತ್ತಿಗೆಗೆ ಹೋಗುತ್ತದೆ, ಹಿಡಿದವನು ಕಾಯಿ ಕೀಳುವ ಮೊದಲೇ ದುಡ್ಡು ಕೊಡಬೇಕು. ನನ್ನ ಗೋಳು ಕೇಳಿ ಅಪ್ಪ ಅಂದರು: "ಗುತ್ತಿಗೆ ಅಂದ್ಮೇಲೆ ನಿನ್ನ ದುಡ್ಡು ಮುಂದೆ ಹೋಗ್ತದಪ್ಪ, ಕಾಯಿ ಆಮೇಲೆ." ಈಗ ಎರಡು ತಿಂಗಳ ಬಟವಾಡೆಯಷ್ಟು ಬೇರೆ ಖಾತೆಯಲ್ಲಿ ಇಟ್ಟಿದ್ದೇನೆ. ಹೀಗೆ ಮುಂದೆ ಹೋಗುವ ದುಡ್ಡಿಗೆ ಸೈಟಿನಲ್ಲಿ "ರೊಟೇಷನ್" ಅನ್ನುತ್ತಾರೆ, ಬ್ಯಾಂಕಿನ ಕಾಗದದಲ್ಲಿ "ದುಡಿಯುವ ಬಂಡವಾಳ". ತೋಪು ಹಿಡಿಯುವವರು, ರೇಷ್ಮೆ ಗೂಡಿನ ವ್ಯಾಪಾರದವರು ಇದಕ್ಕೆ ಏನನ್ನುತ್ತಾರೆ? ಬಲ್ಲವರು ದಯವಿಟ್ಟು ತಿಳಿಸಿ.