ಹಾಸಿಗೆಯಲ್ಲಿ 8 ಗಂಟೆ, ನಿದ್ದೆ ಮಾತ್ರ 5 ಗಂಟೆ

ಪ್ರಶ್ನೆ (ಡೊಂಬಿವಲಿ)

ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳಿಂದ ನನಗೆ ಸರಿಯಾದ ನಿದ್ದೆಯಿಲ್ಲ. ಮುಂಬೈ ಫೋರ್ಟ್‌ನ ಕಚೇರಿಗೆ ಹೋಗಲು ಬೆಳಿಗ್ಗೆ 5:30ಕ್ಕೆ ಏಳಲೇಬೇಕಾದ್ದರಿಂದ ರಾತ್ರಿ 9:30ಕ್ಕೇ ಮಲಗುತ್ತೇನೆ. ಆದರೆ ನಿದ್ದೆ ಹತ್ತುವುದು 11:30ಕ್ಕೆ, 2 ಗಂಟೆಗೆ ಎಚ್ಚರವಾದರೆ ಮತ್ತೊಂದು ಗಂಟೆ ಹೊರಳಾಟ. ಸಂಜೆ ಲೋಕಲ್ ರೈಲಿನಲ್ಲಿ ಸೀಟು ಸಿಕ್ಕಿದರೆ ಮಾತ್ರ ದಾದರ್ ದಾಟುತ್ತಲೇ ಜೊಂಪು ಹತ್ತಿ ಠಾಣೆಯಲ್ಲಿ ಕಣ್ಣು ಬಿಡುತ್ತೇನೆ. ಮನೆಗೆ ಬಂದು 7 ಗಂಟೆಗೆ ಒಂದು ಲೋಟ ಫಿಲ್ಟರ್ ಕಾಫಿ ಕುಡಿಯುತ್ತೇನೆ. ನಾಲ್ಕು ತಿಂಗಳಿಂದ ವೈದ್ಯರು ಬರೆದುಕೊಟ್ಟ, ಆತಂಕ ತಗ್ಗಿಸಿ ನಿದ್ದೆ ಬರಿಸುವ ಆಲ್ಪ್ರಜೋಲಾಮ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಅದನ್ನು ಬಿಟ್ಟುಬಿಡಬೇಕೆಂದಿದ್ದೇನೆ. ಒಂದೇ ಕೋಣೆ, ಒಂದು ಅಡುಗೆಮನೆಯ ಮನೆಯಲ್ಲಿ ನಾನು ಎದ್ದು ಓಡಾಡಿದರೆ ಅತ್ತೆಯವರಿಗೂ ಮಕ್ಕಳಿಗೂ ಎಚ್ಚರವಾಗುತ್ತದೆ. ಏನು ಮಾಡಲಿ?

ಉತ್ತರ (ಪುಣೆ)

ತಂಗಿ, ನಿಮ್ಮ ಕಷ್ಟವನ್ನು ನಾನೂ ಆರು ವರ್ಷ ಉಂಡವನು. ನನ್ನನ್ನು ಅದರಿಂದ ಪಾರುಮಾಡಿದ್ದು ಮಾತ್ರೆಯಲ್ಲ, ಹಾಸಿಗೆಯ ಮೇಲೆ ಕಳೆಯುವ ಹೊತ್ತನ್ನು ಕಡಿಮೆ ಮಾಡಿದ್ದು. ವಾರಕ್ಕೆ ಕನಿಷ್ಠ 3 ರಾತ್ರಿಯಂತೆ 3 ತಿಂಗಳು ನಿದ್ದೆ ಕೆಟ್ಟರೆ ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ; ಇದಕ್ಕೆ ಮೊದಲ ಚಿಕಿತ್ಸೆಯಾಗಿ ಅಮೆರಿಕದ ವೈದ್ಯರ ಸಂಘವೊಂದು 2016ರಲ್ಲಿ ಶಿಫಾರಸು ಮಾಡಿದ್ದು ಸಿ.ಬಿ.ಟಿ.-ಐ ಎಂಬ ವರ್ತನಾ ಚಿಕಿತ್ಸೆಯನ್ನೇ ಹೊರತು ಔಷಧವನ್ನಲ್ಲ. ಹಾಸಿಗೆಯ ಹೊತ್ತನ್ನು ಕಡಿಮೆ ಮಾಡುವುದು ಅದರದೇ ಒಂದು ಭಾಗ.

ಎರಡು ವಾರ ನಿದ್ದೆಯ ಲೆಕ್ಕ ಬರೆದಿಡಿ. ಸರಾಸರಿ 5 ಗಂಟೆಯೇ ಆದರೆ, 9:30ಕ್ಕೆ ಬದಲು 12ಕ್ಕೆ ಮಲಗಿ 5:30ಕ್ಕೆ ಏಳಿ. ಹಾಸಿಗೆಯಲ್ಲಿದ್ದ ಹೊತ್ತಿನಲ್ಲಿ ಶೇ. 85ರಷ್ಟು ನಿದ್ದೆಯಾಗತೊಡಗಿದ ಮೇಲೆ, ವಾರಕ್ಕೆ 15 ನಿಮಿಷ ಮುಂಚಿತವಾಗಿ ಮಲಗುತ್ತಾ ಬನ್ನಿ. ಮೊದಲ ವಾರಗಳಲ್ಲಿ ಹಗಲು ಬಹಳ ತೂಕಡಿಕೆ ಬರುವುದರಿಂದ ವಾಹನ ಓಡಿಸಬೇಡಿ, ಲೋಕಲ್‌ನ ಬಾಗಿಲ ಬಳಿ ನಿಲ್ಲಬೇಡಿ. ಮೂರ್ಛೆರೋಗ ಅಥವಾ ಬೈಪೋಲಾರ್ ಎಂಬ ಮಾನಸಿಕ ಕಾಯಿಲೆ ಇರುವವರು ವೈದ್ಯರ ನಿಗಾ ಇಲ್ಲದೆ ಇದಕ್ಕೆ ಕೈಹಾಕಲೇಬಾರದು.

ಸಂಜೆಯ ಆ ಜೊಂಪನ್ನು ಹೇಗಾದರೂ ಮಾಡಿ ತಪ್ಪಿಸಿ, ಬೇಕಾದರೆ ನಿಂತೇ ಬನ್ನಿ. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಕೂಡಿಕೊಳ್ಳುತ್ತಾ ನಿದ್ದೆಯ ಒತ್ತಡ ಬೆಳೆಯುತ್ತದೆ. ರಾತ್ರಿಗೆಂದು ಕೂಡಿಟ್ಟ ಆ ಒತ್ತಡವನ್ನು ನೀವು ಠಾಣೆ ಬರುವಷ್ಟರಲ್ಲೇ ಖರ್ಚು ಮಾಡುತ್ತಿದ್ದೀರಿ. ಕಾಫಿಯ ಕೆಫೀನ್ ಆ ಅಡೆನೊಸಿನ್‌ನ ಕೆಲಸಕ್ಕೇ ಅಡ್ಡ ನಿಲ್ಲುತ್ತದೆ, ಮತ್ತು ಅದರ ಅರ್ಧದಷ್ಟು ದೇಹದಿಂದ ಹೋಗಲು ಸುಮಾರು 5 ಗಂಟೆ ಬೇಕು.

ಅಂದಾಜು 20 ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು ಅಡುಗೆಮನೆಯಲ್ಲಿ ಮಂದ ದೀಪದಡಿ ಕುಳಿತುಕೊಳ್ಳಿ. ಚಾಪೆಯನ್ನು ಸಂಜೆಯೇ ಅಲ್ಲಿ ಹಾಸಿಟ್ಟರೆ ಯಾರಿಗೂ ಸದ್ದಾಗದು. ಗಡಿಯಾರ, ಮೊಬೈಲು ಎರಡೂ ಬೇಡ.

ಉತ್ತರ (ಮಡಗಾಂವ್)

ಔಷಧಾಲಯದಲ್ಲಿ ಬಹಳ ವರ್ಷ ದುಡಿದವಳಾಗಿ ಒಂದೇ ಮಾತನ್ನು ಒತ್ತಿ ಹೇಳುತ್ತೇನೆ: ಆಲ್ಪ್ರಜೋಲಾಮ್ ಅನ್ನು ಒಮ್ಮೆಲೇ ನಿಲ್ಲಿಸಬೇಡಿ. ನಿದ್ದೆ ಮೊದಲಿಗಿಂತ ಕೆಡಬಹುದು, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ವೈದ್ಯರೇ ಪ್ರಮಾಣವನ್ನು ಹಂತಹಂತವಾಗಿ ಇಳಿಸಿಕೊಡಬೇಕು. ನೀವು ಜೋರಾಗಿ ಗೊರಕೆ ಹೊಡೆಯುತ್ತೀರಾ, ನಿದ್ದೆಯಲ್ಲಿ ಉಸಿರು ಕಟ್ಟಿದಂತಾಗುತ್ತದೆಯೇ ಎಂದು ಮನೆಯವರನ್ನು ಕೇಳಿ ಅದನ್ನೂ ವೈದ್ಯರಿಗೆ ತಿಳಿಸಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಶನಿವಾರ ವೈದ್ಯರನ್ನು ಕಂಡು, ಅವರು ಒಪ್ಪಿದರೆ ಸಮಯ ಬದಲಿಸುತ್ತೇನೆ. ಭಾನುವಾರ ಒಂದು ದಿನ 8ರವರೆಗೆ ಮಲಗಬಹುದೇ ಅಣ್ಣಾ?

ಉತ್ತರ (ಪುಣೆ)

ಬೇಡ ತಂಗಿ. ಭಾನುವಾರವೂ 5:30ಕ್ಕೇ ಎದ್ದು, ಬೆಳಕು ಹರಿದ ಮೇಲೆ ಅರ್ಧ ಗಂಟೆ ಹೊರಗೆ ನಡೆದಾಡಿ ಬನ್ನಿ.